ಹಾಲುಮಡ್ಡಿ ಒಣಗದ ಮಳೆಗಾಲ

ಹೋದ ವರ್ಷ ಆಷಾಢದ ಒಂದು ಮಧ್ಯಾಹ್ನ ಪೀಣ್ಯದ ಎರಡನೇ ಹಂತಕ್ಕೆ ಹೋಗಬೇಕಾಗಿ ಬಂತು. ನಾನೀಗ ಕೆಲಸ ಮಾಡುವ ಸೋಪಿನ ಕಾರ್ಖಾನೆ ಇರುವುದು ಅತ್ತಿಬೆಲೆಯಲ್ಲಿ. ಅಲ್ಲಿಯ ಲ್ಯಾಬಿನ ತಕ್ಕಡಿ ಕೆಟ್ಟಿತ್ತು, ಪೀಣ್ಯದಲ್ಲಿ ರಿಪೇರಿಗೆ ಕೊಟ್ಟಿದ್ದೆವು. ಅಂಗಡಿಯವನು ಇನ್ನೊಂದು ಗಂಟೆ ಬಿಟ್ಟು ಬನ್ನಿ ಮೇಡಂ ಅಂದ. ಹೊರಗೆ ನಿಂತೂ ನಿಲ್ಲದ ಹಾಗೆ ಸೋನೆ ಹಿಡಿದಿತ್ತು. ಲೇತ್ ಮಷೀನುಗಳ ಸದ್ದು, ಕಾದ ಕಬ್ಬಿಣದ ವಾಸನೆ, ಗುಂಡಿಗಳಲ್ಲಿ ನಿಂತ ಎಣ್ಣೆನೀರು, ಯಾವುದೂ ಬದಲಾಗಿರಲಿಲ್ಲ. ಸುಮ್ಮನೆ ನಡೆಯುತ್ತಾ ನಾನು ಮೊಟ್ಟಮೊದಲು ಕೆಲಸಕ್ಕೆ ಸೇರಿದ್ದ ಊದುಬತ್ತಿ ಶೆಡ್ಡಿನ ಮುಂದೆ ಬಂದು ನಿಂತಿದ್ದೆ.

ಅದೀಗ ಪಾರ್ಸೆಲ್‌ಗಳ ಗೋದಾಮು. ಬಾಗಿಲಲ್ಲಿ ಬೈಕುಗಳ ಸಾಲು, ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡ ಹುಡುಗರು. ಮಳೆ ಜೋರಾಯಿತೆಂದು ಶೆಡ್ಡಿನ ಮಗ್ಗುಲ ಗೋಡೆಗೆ ಒತ್ತಿಕೊಂಡು ಸೂರಿನಡಿ ನಿಂತೆ. ಗಾರೆ ಉದುರಿದ ಕಡೆ ಇಟ್ಟಿಗೆ ನೆನೆದಿತ್ತು. ಆ ಇಟ್ಟಿಗೆಯಿಂದ ವಾಸನೆ ಬಂತು. ಹಸಿ ತೊಗಟೆ, ಬೆಲ್ಲ, ಅದರ ಹಿಂದೆ ಎಲ್ಲೋ ದೂರದಲ್ಲಿ ಲಾವಂಚ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಳೆಯಲ್ಲೇ ನಡೆದುಬಿಟ್ಟೆ.

ನಾನು ಆ ಶೆಡ್ಡಿಗೆ ಸೇರಿದ್ದು ಕೊರೋನಾದ ಎರಡನೇ ಅಲೆ ಇಳಿದು, ಲಾಕ್‌ಡೌನ್ ತೆಗೆದ ಮಳೆಗಾಲದಲ್ಲಿ. ನಾನು ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದೆ. ಲಗ್ಗೆರೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಪ್ಪ ಕೆಲಸ ಮಾಡುತ್ತಿದ್ದ ಪ್ರೆಸ್ ಮುಚ್ಚಿತ್ತು, ಅಮ್ಮ ಮನೆಯಲ್ಲೇ ಮಾಸ್ಕ್ ಹೊಲಿಯುತ್ತಿದ್ದಳು. ಊದುಬತ್ತಿ ಕಂಪನಿಯಲ್ಲಿ ಕೆಮಿಸ್ಟ್ರಿ ಓದಿದವರು ಬೇಕಂತೆ ಎಂದು ಯಾರೋ ಹೇಳಿದರು. ಹೋದೆ. ಆರು ತಿಂಗಳು ನೋಡಿ ಆಮೇಲೆ ಖಾಯಂ ಮಾಡ್ತೀವಿ ಅಂದರು ವಿನುತಾ ಮೇಡಂ.

ಆ ಶೆಡ್ಡು ಕಟ್ಟಿದ್ದು ಅವರ ತಂದೆ, ಎಲ್ಲರ ಬಾಯಲ್ಲಿ ದೊಡ್ಡ ಯಜಮಾನರು. ಏಪ್ರಿಲ್ಲಿನಲ್ಲಿ ಆಸ್ಪತ್ರೆಗೆ ಸೇರಿದವರು ವಾಪಸ್ ಬರಲಿಲ್ಲ. ಬೆಳ್ಳಂದೂರಿನ ಆಫೀಸೊಂದರಲ್ಲಿ ಲೆಕ್ಕಪತ್ರ ನೋಡುತ್ತಿದ್ದ ಮೇಡಂ ಆ ಕೆಲಸ ಬಿಟ್ಟು ಇಲ್ಲಿ ಬಂದು ಕೂತಿದ್ದರು. ಅವರ ಬಗ್ಗೆ ಕೆಟ್ಟದ್ದು ಹೇಳಲು ನನ್ನ ಹತ್ತಿರ ಏನೂ ಇಲ್ಲ. ಇಪ್ಪತ್ತು ಹೆಂಗಸರ ಕೆಲಸ ಉಳಿಸಬೇಕೆಂಬುದು ಅವರಿಗೆ ನಿಜವಾಗಿಯೂ ಇತ್ತು.

ಶೆಡ್ಡಿನಲ್ಲಿ ಎರಡು ಥರದ ಬತ್ತಿ ಆಗುತ್ತಿತ್ತು. ಮುಂದಿನ ಭಾಗದಲ್ಲಿ ಅದ್ದುವ ಬತ್ತಿ. ಇದ್ದಿಲ ಪುಡಿ ಮೆತ್ತಿದ ಕರಿಯ ಕಡ್ಡಿಗಳು ಹೊರಗಿನಿಂದ ಕಟ್ಟು ಕಟ್ಟಾಗಿ ಬರುತ್ತಿದ್ದವು, ಅವಕ್ಕೆ ಯಾವ ವಾಸನೆಯೂ ಇಲ್ಲ. ಡಿ.ಇ.ಪಿ. ಅನ್ನುವ ಎಣ್ಣೆಯಂಥ ರಸಾಯನದಲ್ಲಿ ಸೆಂಟು ಬೆರೆಸಿ, ಕಟ್ಟನ್ನು ಅದರಲ್ಲಿ ಅದ್ದಿ, ಸೋರಲು ಬಿಟ್ಟು, ಪ್ಯಾಕ್ ಮಾಡಿದರೆ ಮುಗಿಯಿತು. ಮಲ್ಲಿಗೆ ಬೇಕೆಂದರೆ ಮಲ್ಲಿಗೆ, ಗುಲಾಬಿ ಬೇಕೆಂದರೆ ಗುಲಾಬಿ. ಒಂದು ಹೂವೂ ಒಳಗೆ ಬರುತ್ತಿರಲಿಲ್ಲ.

ಹಿಂದಿನ ಭಾಗದಲ್ಲಿ ಮಸಾಲೆ ಬತ್ತಿ. ಅದು ದೊಡ್ಡ ಯಜಮಾನರು ಶುರುಮಾಡಿದ್ದು, ಹೆಸರು ಸಂಜೆಬತ್ತಿ. ಇದ್ದಿಲು, ಗಂಧದ ಪುಡಿ, ಲಾವಂಚದ ಬೇರು, ಕಚೋರ, ಜಟಾಮಾಂಸಿ, ಸಾಂಬ್ರಾಣಿ, ಇವನ್ನೆಲ್ಲ ಅಂಟಿಸಲು ಜಿಗಟು ಎಂಬ ತೊಗಟೆಯ ಪುಡಿ, ಕೊನೆಗೆ ಹಾಲುಮಡ್ಡಿ. ಘಟ್ಟದ ಕಾಡಿನ ಒಂದು ಮರಕ್ಕೆ ಗಾಯ ಮಾಡಿದರೆ ಒಸರುವ ಬಿಳಿಯ ಅಂಟು ಅದು. ಡಬ್ಬದಲ್ಲಿ ಬರುವ ಹೊತ್ತಿಗೆ ಬೂದು ಬಣ್ಣಕ್ಕೆ ತಿರುಗಿ, ಕಾಯಿಸಿದ ಪಾಕದ ಹಾಗೆ ಎಳೆ ಎಳೆಯಾಗಿರುತ್ತಿತ್ತು. ಇದನ್ನೆಲ್ಲ ಬೆಲ್ಲದ ನೀರಿನಲ್ಲಿ ಕಲಸಿ ನಾದುವುದು ಗಂಗಕ್ಕನ ಕೆಲಸ. ಎಂಟು ಜನ ಹೆಂಗಸರು ಮಣೆಯ ಮೇಲೆ ಅಂಗೈಯಲ್ಲಿ ಹೊಸೆಯುತ್ತಿದ್ದರು. ಆದರೆ ಹಿಟ್ಟಿಗೆ ಗಂಗಕ್ಕನ ಹೊರತು ಇನ್ನೊಬ್ಬರು ಕೈ ಹಾಕುವಂತಿರಲಿಲ್ಲ.

ಸಿದ್ದಗಂಗಮ್ಮ ಅವಳ ಪೂರ್ತಿ ಹೆಸರು. ನೆಲಮಂಗಲದ ಕಡೆಯವಳು, ಮದುವೆಯಾಗಿ ಹೆಗ್ಗನಹಳ್ಳಿಗೆ ಬಂದವಳು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಶೆಡ್ಡು ಶುರುವಾದ ಎರಡನೇ ವರ್ಷದಿಂದ ಅಲ್ಲೇ ಇದ್ದಳು. ಎತ್ತರದ ಹೆಂಗಸು, ಕೈಗೆ ಮೊಣಕೈವರೆಗೂ ತೊಳೆದರೂ ಹೋಗದ ಇದ್ದಿಲ ಕಪ್ಪು. ಮೊದಲ ದಿನ ನಾನು ನೀವು ಅಂದಾಗ ನಕ್ಕಳು.

"ನೀವು ಗೀವು ಎಲ್ಲಾ ಮೇಡಮ್ಮೋರ್ಗೆ ಮಡಿಕ್ಕೊ. ನಾನು ನಿಮ್ಮವ್ವನ್ ವಾರ್ಗೆಯೋಳು. ಏನವ್ವ ನಿನ್ನೆಸ್ರು?"

"ಶೈಲಾ."

"ಸೈಲಾ. ಬಾ, ಕೂತ್ಕೊ."

ನನ್ನನ್ನು ಅವಳ ಪಕ್ಕ ಕೂರಿಸಿದ್ದು ಮೇಡಂ. ಕಾರಣವನ್ನು ಅವರು ನನ್ನಿಂದಲೂ ಗಂಗಕ್ಕನಿಂದಲೂ ಮುಚ್ಚಿಡಲಿಲ್ಲ. ಹಾಲುಮಡ್ಡಿ ತರುತ್ತಿದ್ದ ಘಟ್ಟದ ಕಡೆಯ ಮನುಷ್ಯ ಆ ಕೆಲಸವನ್ನೇ ನಿಲ್ಲಿಸಿದ್ದ, ಇನ್ನು ಉಳಿದಿದ್ದು ಆರೇ ಡಬ್ಬ. ಒಳ್ಳೆಯ ಗಂಧದ ಪುಡಿ ಸಿಗುವುದೇ ಕಷ್ಟವಾಗಿತ್ತು. ಹಾಗಾಗಿ ಸಂಜೆಬತ್ತಿಯ ವಾಸನೆಯನ್ನೇ ಸೆಂಟಿನಲ್ಲಿ ಕಟ್ಟಿಕೊಡಬೇಕು, ಮುಂದೆ ಅದನ್ನೂ ಅದ್ದುವ ಬತ್ತಿ ಮಾಡಬಹುದು. ಅದು ನನ್ನ ಕೆಲಸ. ಕಟ್ಟಲು ಅದರೊಳಗೆ ಏನೇನು ಎಷ್ಟೆಷ್ಟಿದೆ ಎಂದು ಮೊದಲು ಗೊತ್ತಾಗಬೇಕಲ್ಲ, ಅದಕ್ಕೆ ಗಂಗಕ್ಕನ ಪಕ್ಕ ಕೂತು ಬರೆದುಕೊಳ್ಳಬೇಕು.

"ಬರ್ಕೊ ಬರ್ಕೊ," ಅಂದಳು ಗಂಗಕ್ಕ. "ಯಜಮಾನ್ರು ಇದ್ದಾಗ್ಲೂ ಯಾರೂ ಬರ್ದಿಲ್ಲ ಇದ್ನ. ನಂಗೇನ್ ಬರಿಯಾಕ್ ಬತ್ತದಾ."

ಅವಳು ಎಲ್ಲ ಹೇಳಿಕೊಟ್ಟಳು. ಲಾವಂಚದ ಬೇರನ್ನು ಮೊದಲು ಹುರಿಯಬಾರದು, ಬಿಸಿಲಿಗೆ ಮಾತ್ರ ಹಾಕಬೇಕು. ಕಚೋರ ಒಂದು ಹಿಡಿ ಹೆಚ್ಚಾದರೂ ಹೊಗೆ ಗಂಟಲಿಗೆ ಹತ್ತುತ್ತದೆ. ಹಿಟ್ಟು ಹದಕ್ಕೆ ಬಂದಿದೆಯೋ ಇಲ್ಲವೋ ನೋಡಲು ಚಿಟಿಕೆ ತೆಗೆದು ಮಣಿಕಟ್ಟಿನ ಒಳಬದಿಗೆ ಒತ್ತಿ ನೋಡಬೇಕು. ಅಂಟದೆ ತಣ್ಣಗೆ ಕೂತರೆ ಸರಿ. ನಾನು ಎಲ್ಲವನ್ನೂ ತೂಕ ಹಾಕಿ ಗ್ರಾಂ ಲೆಕ್ಕದಲ್ಲಿ ಬರೆದೆ. ನನಗೆ ಆ ನೋಟ್‌ಬುಕ್ಕಿನ ಬಗ್ಗೆ ಹೆಮ್ಮೆ ಇತ್ತು.

ಆ ವರ್ಷ ಜುಲೈನಲ್ಲಿ ಹಿಡಿದ ಜಡಿ ಬಿಡಲೇ ಇಲ್ಲ. ಹಾಲುಮಡ್ಡಿಗೆ ನೀರಿನ ಆಸೆ ಬಹಳ. ಗಾಳಿಯಲ್ಲಿರುವ ತೇವವನ್ನೆಲ್ಲ ಎಳೆದುಕೊಂಡು ಮೆತ್ತಗೆ ಕೂತುಬಿಡುತ್ತದೆ. ಮಹಡಿಯ ಮೇಲೆ ಒಣಹಾಕಿದ ಬತ್ತಿಯನ್ನು ದಿನಕ್ಕೆ ನಾಲ್ಕು ಸಲ ಕೆಳಗಿಳಿಸಬೇಕು, ನಾಲ್ಕು ಸಲ ಹತ್ತಿಸಬೇಕು. ಕೊನೆಗೆ ಫ್ಯಾನುಗಳ ಕೆಳಗೆ ಹರಡಿದೆವು. ಮೂರು ದಿನವಾದರೂ ಮುಟ್ಟಿದರೆ ಬೆರಳಿನ ಗುರುತು ಬೀಳುತ್ತಿತ್ತು. ಮುಂದಿನ ಭಾಗದಲ್ಲಿ ಅದ್ದಿದ ಬತ್ತಿಗಳು ಮಾತ್ರ ಮಳೆ ಬಿಸಿಲು ಯಾವುದನ್ನೂ ಲೆಕ್ಕಿಸದೆ ಲಾರಿ ಹತ್ತುತ್ತಿದ್ದವು.

ಆಗ ಎಲ್ಲರ ಮುಖಕ್ಕೂ ಮಾಸ್ಕ್. ವಾಸನೆ ನೋಡಬೇಕಾದಾಗ ನಾನು ಕೆಳಗೆ ಎಳೆದುಕೊಳ್ಳುತ್ತಿದ್ದೆ. ಗಂಗಕ್ಕ ಮಾತ್ರ ಮಾಸ್ಕ್ ಇಳಿಸಿದ್ದನ್ನು ನಾನು ನೋಡಿಯೇ ಇರಲಿಲ್ಲ. ಯಜಮಾನರು ಹೋದ ರೀತಿ ನೋಡಿ ಹೆದರಿದ್ದಾಳೆ ಅಂದುಕೊಂಡಿದ್ದೆ.

ಒಂದು ಬೆಳಿಗ್ಗೆ ನಾನು ತಡವಾಗಿ ಹೋದೆ. ಗಂಗಕ್ಕ ಆಗಲೇ ದೊಡ್ಡ ಬಾಣಲೆಯಲ್ಲಿ ಅರ್ಧ ದಿನದ ಹಿಟ್ಟು ನಾದುತ್ತಿದ್ದಳು. ಬಾಗಿಲಲ್ಲೇ ನನಗೆ ಡೀಸೆಲ್ ವಾಸನೆ ಹೊಡೆಯಿತು. ಇದ್ದಿಲಿನ ಮೂಟೆ ತಂದ ಗಾಡಿಯಲ್ಲಿ ಯಾವುದೋ ಕ್ಯಾನ್ ಸೋರಿರಬೇಕು, ಮೂಟೆಯ ಒಂದು ಮಗ್ಗುಲು ಪೂರ್ತಿ ತೊಯ್ದಿತ್ತು. ಅದನ್ನೇ ಸುರಿದು ಕಲಸಿದ್ದಳು. ಮಣೆಗಳ ಸಾಲು ದೂರದಲ್ಲಿತ್ತು, ಉಳಿದ ಹೆಂಗಸರು ಆಗಿನ್ನೂ ಬರುತ್ತಿದ್ದರು.

"ಗಂಗಕ್ಕ, ಡೀಸೆಲ್ ವಾಸ್ನೆ."

ಅವಳ ಕೈ ನಿಂತಿತು. ನನ್ನ ಮುಖ ನೋಡಿದಳು. ಆಮೇಲೆ ಬಾಣಲೆ ನೋಡಿದಳು. ಹಿಟ್ಟಿನಿಂದ ಕೈ ಎತ್ತಲಿಲ್ಲ.

"ಎಲ್ಲಿ?" ಅಂದಳು ಮೆಲ್ಲಗೆ.

ನನಗೆ ಅರ್ಥವಾಯಿತು. ಹತ್ತು ಅಡಿ ದೂರದಲ್ಲಿ ನನ್ನ ಕಣ್ಣು ಉರಿಯುತ್ತಿತ್ತು.

ಆ ಹಿಟ್ಟನ್ನು ನಾವಿಬ್ಬರೂ ಚೀಲಕ್ಕೆ ತುಂಬಿ ಹಿಂದಿನ ಚರಂಡಿಯ ಪಕ್ಕದ ಗುಂಡಿಗೆ ಸುರಿದು ಬಂದೆವು. ಮಳೆ ಬರುತ್ತಿತ್ತು. ನಲ್ಲಿಯ ಕೆಳಗೆ ಕೈ ತೊಳೆಯುತ್ತಾ ಅವಳು ಹೇಳಿದಳು.

"ಮೇ ತಿಂಗ್ಳಲ್ಲಿ ನಂಗೂ ಜರ ಬಂದಿತ್ತು. ಯಾರ್ಗೂ ಯೋಳ್ಲಿಲ್ಲ, ಮನೇಲೇ ಬಿದ್ದಿದ್ದೆ. ಜರ ಓಯ್ತು. ಮೂಗು ವಾಪಸ್ ಬರ್ಲಿಲ್ಲ. ಸಾರು ಸೀದ್ರೂ ಗೊತ್ತಾಗಾಕಿಲ್ಲ ಕಣವ್ವ. ನನ್ ಮೈ ವಾಸ್ನೆನೇ ನಂಗೆ ಗೊತ್ತಾಗಾಕಿಲ್ಲ."

"ಮತ್ತೆ ಇಷ್ಟು ದಿನ ಹೇಗೆ ಕಲಸ್ದೆ?"

"ಕೈಗೆ ಗೊತ್ತೈತಲ್ಲ. ಮೂವತ್ ವರ್ಸದ ಕೈ." ನಲ್ಲಿ ನಿಲ್ಲಿಸಿದಳು. "ಆಮ್ಯಾಕೆ ಡಾಕ್ಟ್ರಿಗೆ ತೋರ್ಸ್ದೆ, ಮೂರ್ ತಿಂಗ್ಳಿಗೆ ಬತ್ತದೆ ಅಂದವ್ರೆ. ಮೇಡಮ್ಮಂಗೆ ಯೋಳ್ಬ್ಯಾಡ ಸೈಲಾ. ಮೂಗಿಲ್ದೋಳ್ನ ಯಾರ್ ಮಡಿಕ್ಕೊತಾರೆ ಇಲ್ಲಿ."

ಹೇಳುವುದಿಲ್ಲ ಅಂದೆ. ಅವತ್ತಿನಿಂದ ನಾನು ಅವಳ ಮೂಗಾದೆ. ಬೆಳಿಗ್ಗೆ ಬೇಗ ಬಂದು ಚೀಲಗಳನ್ನು ಒಂದೊಂದಾಗಿ ಮೂಸುತ್ತಿದ್ದೆ. ಕಲಸುವಾಗ ಪಕ್ಕದಲ್ಲಿ ಕೂತು "ಕಚೋರ ಸಾಕು", "ಸಾಂಬ್ರಾಣಿ ಇನ್ನೊಂದು ಹಿಡಿ" ಅಂತ ಪಿಸುಗುಟ್ಟುತ್ತಿದ್ದೆ. ನೋಡುವವರಿಗೆ ನಾನು ಕಲಿಯುತ್ತಿರುವ ಹಾಗೆ ಕಾಣುತ್ತಿತ್ತು. ಊಟದ ಹೊತ್ತಿನಲ್ಲಿ ಅವಳು ಮಾಸ್ಕ್ ಇಳಿಸಿ, ಗೋಡೆ ಕಡೆ ತಿರುಗಿ, ಲವಂಗ, ಲಾವಂಚ, ಪಚ್ಚಕರ್ಪೂರ ಒಂದೊಂದನ್ನೇ ಮೂಗಿಗೆ ಹಿಡಿದುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದಳು. ಮೊಮ್ಮಗನ ಮೊಬೈಲಿನಲ್ಲಿ ಯಾರೋ ಹಾಗೆ ಮಾಡಿದರೆ ಬರುತ್ತದೆ ಅಂದಿದ್ದರಂತೆ. ಮೊದಮೊದಲು "ಏನಾದ್ರೂ ಬಂತಾ?" ಎಂದು ಕೇಳುತ್ತಿದ್ದೆ. ಆಗಸ್ಟ್ ಮುಗಿಯುವ ಹೊತ್ತಿಗೆ ಕೇಳುವುದನ್ನು ಬಿಟ್ಟೆ. ಸೆಪ್ಟೆಂಬರಿನಲ್ಲಿ ಅವಳು ಮೂಸುವುದನ್ನೂ ಬಿಟ್ಟಳು.

ಮಧ್ಯಾಹ್ನದ ಮೇಲೆ ನಾನು ನನ್ನ ಕೋಣೆಗೆ ಹೋಗಿ ಅವಳ ಬತ್ತಿಯನ್ನು ಸೀಸೆಗಳಲ್ಲಿ ಕಟ್ಟುತ್ತಿದ್ದೆ. ಗಂಧಕ್ಕೆ ಒಂದು ಎಣ್ಣೆ, ಲಾವಂಚಕ್ಕೆ ಒಂದು, ಒಣಹುಲ್ಲಿನ ಹಾಗೆ ನಾರುವ ಕೂಮರಿನ್ ಎಂಬ ಹರಳು, ಸಿಹಿಗೆ ವೆನಿಲಿನ್, ವಾಸನೆ ಹೆಚ್ಚು ಹೊತ್ತು ನಿಲ್ಲಲು ಮಸ್ಕ್. ಹಾಲುಮಡ್ಡಿಗೆ ಮಾತ್ರ ಯಾವ ಸೀಸೆಯೂ ಇರಲಿಲ್ಲ. ನಾಲ್ಕೈದು ಬೆರೆಸಿ ಅದರ ನೆರಳಿನಂಥದ್ದನ್ನು ಮಾಡಿಕೊಂಡೆ. ಎಷ್ಟೋ ಸಲ ಕೆಡಿಸಿದ ಮೇಲೆ ಒಂದು ದಿನ ಹಚ್ಚಿದಾಗ ನನಗೇ ಮೈ ಜುಮ್ಮೆಂದಿತು. ಅದೇ ಸಂಜೆಬತ್ತಿ. ಒಂದೇ ವ್ಯತ್ಯಾಸ: ಬತ್ತಿ ಆರಿದ ಮೇಲೆ ಗಂಗಕ್ಕನದು ಕೋಣೆಯಲ್ಲಿ ಸ್ವಲ್ಪ ಹೊತ್ತು ಇರುತ್ತಿತ್ತು, ನನ್ನದು ಬತ್ತಿಯ ಜೊತೆಗೇ ಹೊರಟುಹೋಗುತ್ತಿತ್ತು. ಅದನ್ನು ಗಮನಿಸಲು ಯಾರು ಕೂರುತ್ತಾರೆ?

ಮೇಡಂಗೆ ಬಹಳ ಸಂತೋಷವಾಯಿತು. ಆದರೆ ಸಂಜೆಬತ್ತಿ ಮಾರುತ್ತಿದ್ದ ಚಿಕ್ಕಪೇಟೆಯ ಸಗಟು ವ್ಯಾಪಾರಿ ಸುಲಭಕ್ಕೆ ಒಪ್ಪುವವರಲ್ಲ. "ಮಾಲ್ ಬದ್ಲಾಯ್ತು ಅಂತ ಗಿರಾಕಿ ವಾಪಸ್ ತಂದ್ರೆ ನಾನೇನ್ ಮಾಡ್ಲಿ ಮೇಡಂ?" ಅಂದರು. "ಒಂದ್ ಕೆಲ್ಸ ಮಾಡಿ. ನಿಮ್ ಗಂಗಮ್ಮಂಗೇ ವಾಸ್ನೆ ತೋರ್ಸಿ. ಆಯಮ್ಮಂಗೆ ವ್ಯತ್ಯಾಸ ಗೊತ್ತಾಗ್ಲಿಲ್ಲ ಅಂದ್ರೆ ನಾನು ಕಣ್ಮುಚ್ಕೊಂಡು ತಗೋತೀನಿ."

ಹಾಗೆ ದಿನ ಗೊತ್ತಾಯಿತು. ಗಂಗಕ್ಕನಿಗೆ ವ್ಯತ್ಯಾಸ ಗೊತ್ತಾದರೆ ಹಿಂದಿನ ಭಾಗ ಉಳಿಯುತ್ತದೆ, ಬೇರೆ ಕಡೆಯಿಂದ ಹಾಲುಮಡ್ಡಿ ಹುಡುಕುತ್ತೇನೆ ಅಂದರು ಮೇಡಂ. ಗೊತ್ತಾಗದಿದ್ದರೆ ಮಸಾಲೆ ಬತ್ತಿ ನಿಲ್ಲುತ್ತದೆ. ಹೆಂಗಸರು ಪ್ಯಾಕಿಂಗಿಗೆ ಹೋಗಬೇಕು.

ಹಿಂದಿನ ಸಂಜೆ ಗಂಗಕ್ಕ ನನ್ನನ್ನು ಮಹಡಿಯ ಮೇಲೆ ಕರೆದಳು. ಬತ್ತಿ ಒಣಹಾಕುವ ತಟ್ಟೆಗಳು ಮಗುಚಿ ಬಿದ್ದಿದ್ದವು. ಮೋಡದ ಕೆಳಗೆ ಮೆಟ್ರೋ ರೈಲು ಹೋಗುವುದು ಅಲ್ಲಿಂದ ಕಾಣುತ್ತಿತ್ತು.

"ನೋಡಾಕ್ ಬುಟ್ರೆ ಬೂದೀಲೇ ಯೋಳ್ಬುಡ್ತೀನಿ, ಮುಟ್ಟಾಕ್ ಬುಟ್ರೆ ಕೈಯಾಗೇ ಯೋಳ್ತೀನಿ," ಅಂದಳು. "ಅದ್ಕೇ ಕಣ್ಣು ಕಟ್ತಾರಂತೆ. ದೂರ ಕೂರುಸ್ತಾರಂತೆ."

"ಹೂಂ."

"ಹಚ್ಚೋಳು ನೀನೇ ತಾನೆ. ನಂದು ಹಚ್ದಾಗ ಒಂದ್ ಸಲ ಕೆಮ್ಬುಡು. ಅಷ್ಟೇಯ. ಈ ಕಾಲ್ದಾಗೆ ಯಾರ್ ಕೆಮ್ಮಿದ್ರೂ ಯಾರೂ ಏನೂ ಅನ್ಕೊಳಾಕಿಲ್ಲ."

"ಆಯ್ತು ಅಕ್ಕ."

"ನನ್ನೊಬ್ಳಿಗಾಗಿ ಅಲ್ಲ ಸೈಲಾ. ಎಂಟ್ ಜನ ಅವ್ರೆ."

ಕೆಮ್ಮಬೇಕೆಂದೇ ಮನೆಗೆ ಹೋದೆ. ಕೆಮ್ಮಬೇಕೆಂದೇ ಬೆಳಿಗ್ಗೆ ಬಂದೆ. ಮೇಡಂ ತಮ್ಮ ಕೋಣೆಗೆ ಕರೆದು ಒಂದು ಕವರ್ ತೋರಿಸಿದರು. "ಆರು ತಿಂಗ್ಳು ಆಗೋವರೆಗೂ ಕಾಯೋದು ಬೇಡ ಅಂತ ನಿಮ್ಮ ಕನ್ಫರ್ಮೇಶನ್ ಲೆಟರ್ ಟೈಪ್ ಮಾಡ್ಸಿದೀನಿ ಶೈಲಾ. ಇವತ್ತು ಇದೊಂದು ಆಗ್ಲಿ, ಕೊಟ್ಬಿಡ್ತೀನಿ." ಅಲ್ಲಿಯೇ ನಾನು ಹೇಳಬಹುದಾಗಿತ್ತು, ಗಂಗಕ್ಕನಿಗೆ ಮೂಗಿಲ್ಲ, ಈ ಪರೀಕ್ಷೆಗೆ ಅರ್ಥವಿಲ್ಲ ಎಂದು. ಹೇಳಿದರೆ ಅವಳನ್ನು ಅವತ್ತೇ ಕಲಸುವ ಕೆಲಸದಿಂದ ತೆಗೆಯುತ್ತಾರೆ ಅನ್ನುವ ನೆಪ ನನ್ನ ಹತ್ತಿರ ಸಿದ್ಧವಾಗಿತ್ತು.

ಗಂಗಕ್ಕನನ್ನು ಕೋಣೆಯ ಆ ತುದಿಯ ಕುರ್ಚಿಯಲ್ಲಿ ಕೂರಿಸಿದರು. ಮೇಡಂ ತಮ್ಮ ಕರ್ಚೀಫಿನಿಂದಲೇ ಕಣ್ಣು ಕಟ್ಟಿದರು, ಗಟ್ಟಿಯಾಯ್ತಾ ಎಂದು ಎರಡು ಸಲ ಕೇಳಿದರು. ಮಾಸ್ಕ್ ಇಳಿಸಿದ ಅವಳ ಮುಖವನ್ನು ಅಷ್ಟು ಬೆಳಕಿನಲ್ಲಿ ನಾನು ನೋಡಿದ್ದು ಅದೇ ಮೊದಲು. ಮೇಲ್ತುಟಿಯ ಮೇಲೆ ಬೆವರಿತ್ತು. ವ್ಯಾಪಾರಿ ಬಾಗಿಲ ಹತ್ತಿರ ನಿಂತಿದ್ದರು.

ಮೊದಲು ನನ್ನದನ್ನು ಹಚ್ಚಿದೆ. ಹೊಗೆ ಆ ತುದಿಗೆ ಹೋಗುವವರೆಗೆ ಕಾದೆವು. ಗಂಗಕ್ಕ ತಲೆ ಆಡಿಸಿದಳು. ಅದನ್ನು ಆರಿಸಿ, ಕಿಟಕಿ ತೆರೆದು, ಮುಚ್ಚಿ, ಅವಳದನ್ನು ಹಚ್ಚಿದೆ. ಹಾಲುಮಡ್ಡಿಯ ಹೊಗೆ ನೇರ ಮೇಲೆದ್ದು ನಿಧಾನಕ್ಕೆ ಬಾಗಿತು. ಗಂಗಕ್ಕ ಕತ್ತನ್ನು ಸ್ವಲ್ಪ ಓರೆ ಮಾಡಿ ಕೂತಿದ್ದಳು. ವಾಸನೆ ನೋಡುವವರು ಹಾಗೆ ಕೂರುವುದಿಲ್ಲ, ಏನನ್ನೋ ಕೇಳಿಸಿಕೊಳ್ಳುವವರು ಕೂರುತ್ತಾರೆ.

ಕೆಮ್ಮು ನನ್ನ ಗಂಟಲಿಗೆ ಬಂದಿತ್ತು. ನುಂಗಿದೆ.

"ಇನ್ನೊಂದ್ ಸಲ ಹಚ್ಚವ್ವ, ಎರ್ಡ್ನೂವೆ," ಅಂದಳು ಗಂಗಕ್ಕ.

ಇನ್ನೊಂದು ಸಲ ಹಚ್ಚಿದೆ. ನನ್ನದು, ಆಮೇಲೆ ಅವಳದು. ಮಳೆ ಕಿಟಕಿಯ ಸೂರಿನ ತಗಡಿನ ಮೇಲೆ ಬೀಳುತ್ತಿತ್ತು. ನಾನು ಉಸಿರು ಹಿಡಿದುಕೊಂಡು ಬೆಂಕಿಪೊಟ್ಟಣದ ಮೇಲಿನ ಚಿತ್ರ ನೋಡುತ್ತಾ ನಿಂತಿದ್ದೆ.

ಬಹಳ ಹೊತ್ತಾದ ಮೇಲೆ ಅವಳು ಹೇಳಿದಳು. "ಎರ್ಡೂ ಒಂದೇಯ ಕಣಮ್ಮ."

ವ್ಯಾಪಾರಿ ನಕ್ಕು, ಕೈ ಮುಗಿದು, ಫೋನ್ ತೆಗೆದುಕೊಂಡು ಹೊರಗೆ ಹೋದರು. ಮೇಡಂ ಕರ್ಚೀಫು ಬಿಚ್ಚಿದರು. ಗಂಗಕ್ಕ ನನ್ನ ಕಡೆ ನೋಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮಾಸ್ಕ್ ಏರಿಸಿಕೊಂಡು ಹಿಂದಿನ ಭಾಗಕ್ಕೆ ಹೋದಳು. ಅವತ್ತಿನ ಹಿಟ್ಟು ಅರ್ಧಕ್ಕೆ ನಿಂತಿತ್ತು. ಅದನ್ನು ಪೂರ್ತಿ ಮಾಡಿಯೇ ಮನೆಗೆ ಹೋದಳು.

ಮಸಾಲೆಯ ಮಣೆಗಳನ್ನು ದಸರೆಗೆ ಮುಂಚೆ ಗುಜರಿಗೆ ಹಾಕಿದರು. ಉಳಿದಿದ್ದ ಹಾಲುಮಡ್ಡಿಯ ಡಬ್ಬಗಳನ್ನು ಯಾರೋ ಮೈಸೂರಿನವರು ಒಯ್ದರು. ಎಂಟು ಜನರಲ್ಲಿ ಮೂವರು ಪ್ಯಾಕಿಂಗಿಗೆ ಬಂದರು, ಉಳಿದವರು ಗಾರ್ಮೆಂಟ್ಸಿಗೆ ಹೋದರು. ಗಂಗಕ್ಕ ಒಂದು ತಿಂಗಳು ಪೊಟ್ಟಣಕ್ಕೆ ಅಂಟು ಹಚ್ಚುತ್ತಾ ಕೂತಿದ್ದು, ಒಂದು ಸೋಮವಾರದಿಂದ ಬರಲಿಲ್ಲ. ನನ್ನ ಸಂಜೆಬತ್ತಿ ಸ್ವಲ್ಪ ದಿನ ಚೆನ್ನಾಗಿಯೇ ಹೋಯಿತು. ಆಮೇಲೆ ಪಕ್ಕದ ರಸ್ತೆಯವರು ಅದೇ ಸೀಸೆಗಳನ್ನು ತಂದು ಅದೇ ವಾಸನೆಯನ್ನು ನಮಗಿಂತ ಕಡಿಮೆಗೆ ಮಾಡಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಮೇಡಂ ಶೆಡ್ಡನ್ನೇ ಬಿಟ್ಟುಕೊಟ್ಟರು. ಉಳಿಸಬೇಕೆಂದಿದ್ದ ಯಾರೂ ಉಳಿಯಲಿಲ್ಲ.

ಗಂಗಕ್ಕ ಬರುವುದನ್ನು ನಿಲ್ಲಿಸಿದ ಮೇಲೆ, ಕಾರ್ತೀಕದ ಒಂದು ಭಾನುವಾರ ನಾನು ಹೆಗ್ಗನಹಳ್ಳಿಗೆ ಹೋಗಿದ್ದೆ. ಕಾಲ ತಪ್ಪಿ ಅವತ್ತೂ ಮಳೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳು ಬಾಗಿಲಲ್ಲೇ ನನ್ನ ಕೈ ಹಿಡಿದು ಒಳಗೆ ಕೂರಿಸಿದಳು. ಟೀ ಕೊಟ್ಟಳು, ಹಾಲು ಒಡೆದಿತ್ತು. ಅವಳಿಗೆ ಗೊತ್ತಾಗಿರಲಿಲ್ಲ, ನಾನು ಕುಡಿದೆ.

"ಅಕ್ಕ, ಅವತ್ತು..." ಅಂದೆ.

"ಬುಡು ಸೈಲಾ, ನೀನೇನ್ ಮಾಡ್ತೀಯ." ಅವಳು ನನ್ನ ಮಾತನ್ನು ಅಲ್ಲೇ ತಡೆದಳು. "ಮೊದ್ಲನೇದ್ಕೆ ನೀನು ಕೆಮ್ಲಿಲ್ಲ. ಎರಡ್ನೇದ್ಕೂ ಕೆಮ್ಲಿಲ್ಲ. ಮರ್ತಿದ್ದೀಯೇನೋ ಅಂತ ಇನ್ನೊಂದ್ ಕಿತ ಹಚ್ಚುಸ್ದೆ. ಆಗ್ಲೂ ಕೆಮ್ಲಿಲ್ಲ. ಆಗ ತಿಳೀತು ನಂಗೆ. ಮೇಡಮ್ಮ ಎರ್ಡೂ ನಿಂದೇ ಹಚ್ಚುಸ್ತಾವ್ರೆ, ನಂದು ಮಡಗೇ ಇಲ್ಲ ಅಂತ. ಅದ್ಕೇ ಎರ್ಡೂ ಒಂದೇ ಅಂತ ನಿಜಾನೇ ಯೋಳ್ಬುಟ್ಟೆ. ಅಂಗೇ ತಾನೆ?"

ನಾನು ಲೋಟ ಕೆಳಗಿಟ್ಟೆ.

"ಹೌದಕ್ಕ," ಅಂದೆ.

"ಅವ್ರಪ್ಪ ಅಂಗಿರ್ಲಿಲ್ಲ," ಅಂದಳು ಗಂಗಕ್ಕ. "ಓಗ್ಲಿ, ನಿನ್ ಕೆಲ್ಸ ಉಳೀತಲ್ಲ."

ಹೊರಟಾಗ ಬೇಡ ಬೇಡವೆಂದರೂ ಬಸ್ ಸ್ಟಾಪಿನವರೆಗೆ ಬಂದಳು. ಒಂದೇ ಕೊಡೆ. ಬಸ್ ಬರುವವರೆಗೂ ಅದನ್ನು ನನ್ನ ಕಡೆಗೆ ವಾಲಿಸಿ ಹಿಡಿದು, ತನ್ನ ಮೂಗಿನ ವಿಷಯ ಯಾರಿಗೂ ಹೇಳದೆ ಉಳಿಸಿಕೊಂಡಿದ್ದಕ್ಕೆ ನನ್ನನ್ನು ಹೊಗಳುತ್ತಾ ನಿಂತಿದ್ದಳು. ಬಸ್ಸು ಬಂತು, ಹತ್ತಿದೆ. ಆಮೇಲೆ ನಾನು ಅವಳ ಮನೆ ಕಡೆ ಹೋಗಿಲ್ಲ.